ಮತ್ತು ಸಂಗಡಿಗರು

ಸಿರುಗುಪ್ಪದ ಬಸ್ ಸ್ಟ್ಯಾಂಡಿನಲ್ಲಿ ಜಡೆಮ್ಮ ಮೂರನೆಯ ಸಲ ಕೆಮ್ಮಿದಾಗ ಗುಲ್ಜಾರಬೀ ಮುಖ ತಿರುಗಿಸಿ ಶೇಂಗಾ ಹುರಿಯುವವನ ಬಾಣಲೆಯನ್ನು ನೋಡುತ್ತ ನಿಂತಳು. ಕೆಮ್ಮು ದೊಡ್ಡ ಸಂಗತಿಯಲ್ಲ, ಭೂಮಿಯ ಮೇಲೆ ಕೆಮ್ಮದವರು ಯಾರಿದ್ದಾರೆ. ಆದರೆ ಜಡೆಮ್ಮನ ಕೆಮ್ಮಿನ ತುದಿಯಲ್ಲಿ ಒಂದು ಸಣ್ಣ ಸೀಳು ಸದ್ದು ಇತ್ತು. ಹಳೆಯ ಸೀರೆಯನ್ನು ಒರೆಸುವ ಅರಿವೆಗೆಂದು ಹರಿಯುವಾಗ ಬರುತ್ತದಲ್ಲ, ಅಂಥದ್ದು. ಅದು ಕಿವಿಗೆ ಬಿದ್ದಾಗಲೆಲ್ಲ ಗುಲ್ಜಾರಬೀಯ ಎದೆಯಲ್ಲಿ ಎರಡು ಕೆಲಸ ನಡೆಯುತ್ತಿದ್ದವು. ಒಂದು, ಅಯ್ಯೋ ಎನ್ನುವುದು. ಇನ್ನೊಂದು, ಈ ಗಂಟಲು ಇನ್ನೆಷ್ಟು ದಿನ ತಾಳೀತು ಎಂದು ಅಳೆಯುವುದು. ಎರಡನೆಯದು ಮೊದಲನೆಯದಕ್ಕಿಂತ ಒಂದು ಗಳಿಗೆ ಮುಂಚೆಯೇ ನಡೆದುಹೋಗುತ್ತದೆ ಎಂಬುದು ಅವಳಿಗೆ ಈಚೆಗೆ ಗೊತ್ತಾಗಿತ್ತು. ಗೊತ್ತಾದ ಮೇಲೆ ಜಡೆಮ್ಮನ ಮುಖವನ್ನು ನೇರ ನೋಡುವುದು ಕಷ್ಟವಾಗಿತ್ತು.

"ಆ ಶೇಂಗಾದಾಗ ಏನ್ ಕಂಡೀಬೇ? ಬಸ್ ಬಂತು ನಡಿ," ಎಂದಳು ಜಡೆಮ್ಮ. ದನಿ ಒರಟಾಗಿತ್ತು, ಆದರೆ ಸೀಟು ಹಿಡಿಯಲು ಕಿಟಕಿಯೊಳಗಿಂದ ಚೀಲ ಎಸೆಯುವುದರಲ್ಲಿ ಅವಳ ಕೈ ಎಂದಿನ ಹಾಗೆಯೇ ಚುರುಕಾಗಿತ್ತು. ಬಳ್ಳಾರಿಗೆ ನೇರ ಹೋಗುವ ಬಸ್ಸು ತಪ್ಪಿತ್ತು, ಇದು ಕುರುಗೋಡಿನ ಮೇಲೆ ಹೋಗುವುದು. ಕುರುಗೋಡು ಎಂಬ ಬೋರ್ಡು ಓದಿದಾಗಲೇ ಗುಲ್ಜಾರಬೀಗೆ ಹತ್ತುವ ಮನಸ್ಸು ಹೋಗಿತ್ತು. ಆದರೆ ಹನ್ನೊಂದಕ್ಕೆ ಗಂಟಲಿನ ಡಾಕ್ಟರು, ಸಂಜೆ ಆರೂವರೆಗೆ ಬಳ್ಳಾರಿಯ ರಂಗಮಂದಿರದಲ್ಲಿ ಹಾಡು. ಬೋರ್ಡಿಗೆ ಹೆದರಿ ಬಸ್ಸು ಬಿಟ್ಟೆ ಎಂದು ಯಾರ ಮುಂದೆ ಹೇಳಿಕೊಳ್ಳುವುದು.

ಕಾಲುವೆಯ ಪಕ್ಕ ಬಸ್ಸು ಹೊರಳಿದಾಗ ಎರಡೂ ಕಡೆ ನೀರು ಕಟ್ಟಿದ ಗದ್ದೆಗಳು ಬಿಸಿಲಿಗೆ ಮಿಂಚಿದವು. ಗದ್ದೆಯಲ್ಲಿ ಹೆಂಗಸರು ಬಗ್ಗಿದ್ದರು, ಹಿಂದಕ್ಕೆ ಸರಿಯುತ್ತಿದ್ದರು. ಭತ್ತದ ನಾಟಿ ಹಚ್ಚುವವರು ಯಾವಾಗಲೂ ಹಿಂದಕ್ಕೇ ನಡೆಯುತ್ತಾರೆ, ನೆಟ್ಟದ್ದು ಕಣ್ಣ ಮುಂದೆ ಇರುತ್ತದೆ, ಕಾಲು ಎಲ್ಲಿ ಬೀಳುತ್ತದೆ ಎಂಬುದು ಕಾಣುವುದಿಲ್ಲ. ಇಪ್ಪತ್ತೆರಡು ವರ್ಷ ಅವಳು ರಾರಾವಿಯ ಗದ್ದೆಗಳಲ್ಲಿ ಹಾಗೆ ಸರಿದವಳು. ಮದುವೆಯಾಗಿ ಬಂದ ಮೊದಲ ವರ್ಷವೇ ಜಡೆಮ್ಮ ಅವಳನ್ನು ತನ್ನ ಬಲಕ್ಕೆ ನಿಲ್ಲಿಸಿಕೊಂಡಿದ್ದಳು. "ನಾ ಎತ್ತತೀನಿ, ನೀ ಹಿಡಿ. ನನ್ನ ಉಸಿರು ಮುಗಿಯೂಕ್ಕಿಂತ ಮೊದಲ ಹಿಡಿಬೇಕು. ಹಾಡು ನೀರಿಗೆ ಬೀಳಬಾರದು ನೋಡು." ಅಷ್ಟೇ ಪಾಠ. ಒಬ್ಬಳು ಸಾಲು ಎತ್ತುವುದು, ಅವಳ ಉಸಿರು ತೆಳುವಾಗುವ ಹೊತ್ತಿಗೆ ಉಳಿದವರು ಅದೇ ದನಿಯನ್ನು ಕೆಳಗಿನಿಂದ ಹಿಡಿದುಕೊಳ್ಳುವುದು, ಹಿಡಿದದ್ದು ಬಿಗಿಯಾದ ಮೇಲೆ ಎತ್ತುವವಳು ಉಸಿರು ಎಳೆದುಕೊಂಡು ಮುಂದಿನ ಸಾಲಿಗೆ ಹೋಗುವುದು. ಬೆಳಗಿನಿಂದ ಹೊತ್ತು ಮುಳುಗುವವರೆಗೆ ಬಗ್ಗಿದ ಬೆನ್ನಿನ ಮೇಲೆ ಹಾಡು ಹರಿಯಬೇಕು, ನಡುವೆ ಎಲ್ಲೂ ಬರಿದು ಇರಬಾರದು. ಬರಿದು ಬಿದ್ದರೆ ಎತ್ತಿದವಳಿಗೆ ಕೇಡು ಎಂದು ಮುದುಕಿಯರು ಹೇಳುತ್ತಿದ್ದರು. ಇಂಥ ಮಾತಿಗೆಲ್ಲ ನಗುವವಳೇ ಗುಲ್ಜಾರಬೀ. ಈಗ ಮೂರು ತಿಂಗಳಿಂದ ನಗು ಬರುತ್ತಿಲ್ಲ.

ಕುರುಗೋಡಿನ ಬಂಡೆಗುಡ್ಡಗಳು ಕಾಣಿಸಿಕೊಂಡವು. ಮೂರು ತಿಂಗಳ ಹಿಂದೆ ಅಲ್ಲಿಯ ಶಾಲೆಯ ಮೈದಾನದಲ್ಲಿ ಹಾಡಿದ್ದರು. ಅವರಿಗೆ ಹಾಡಿನ ಕರೆಗಳನ್ನು ಹಿಡಿದು ತರುವ ಉಮಾಪತಿ ಮೇಷ್ಟ್ರು ಎಂಟು ವರ್ಷದ ಹಿಂದೆ ಕಾಲುವೆಯ ದಂಡೆಯ ಮೇಲೆ ಬೈಕು ನಿಲ್ಲಿಸಿ ಇವರ ಹಾಡು ಕೇಳಿದವರು, ಗದ್ದೆಯಿಂದ ಎಬ್ಬಿಸಿ ಮೈಕಿನ ಮುಂದೆ ನಿಲ್ಲಿಸಿದವರು, ಮೂವರಿಗೂ ಒಂದೇ ಹಸಿರು ಸೀರೆ ಉಡಿಸಿ ಒಂದೇ ಗುಂಪಾಗಿ ಮಾಡಿದವರು. ಎತ್ತುವವಳು ಜಡೆಮ್ಮ, ಹಿಡಿಯುವವರು ಗುಲ್ಜಾರಬೀ ಮತ್ತು ಪಕ್ಕೀರಮ್ಮ. ಕುರುಗೋಡಿಗೆ ಅವತ್ತು ಗುಲ್ಜಾರಬೀಯ ಮಗಳು ಮುಸ್ಕಾನ್ ಕೂಡ ಬಂದಿದ್ದಳು, ಕಾಲೇಜಿನ ಗೆಳತಿಯರನ್ನು ಕಟ್ಟಿಕೊಂಡು. ವೇದಿಕೆಯ ಹಿಂದೆ ಆಳೆತ್ತರದ ಬ್ಯಾನರು, ಅದರ ತುಂಬ ಜಡೆಮ್ಮನ ಮುಖ, ಕೆಳಗೆ 'ಜಡೆಮ್ಮ ಮತ್ತು ಸಂಗಡಿಗರು'. ಮುಸ್ಕಾನ್ ಅದನ್ನು ಜೋರಾಗಿ ಓದಿ, "ಅಮ್ಮೀ, ಸಂಗಡಿಗರು ಅಂದ್ರ ನೀನಾ?" ಎಂದು ಕೇಳಿದಳು. ಕೆಟ್ಟ ಮನಸ್ಸಿನಿಂದಲ್ಲ, ಸುಮ್ಮನೆ. ಗೆಳತಿಯರು ನಕ್ಕರು. ಎಂಟು ವರ್ಷದಿಂದ ಎಲ್ಲ ಬ್ಯಾನರಿನಲ್ಲೂ ಇದ್ದ ಮಾತೇ ಅದು, ಓದಲು ಬಾರದ ಜಡೆಮ್ಮನಿಗೆ ಅದೇನು ಬರೆದಿದೆ ಎಂಬುದೂ ಗೊತ್ತಿರಲಿಲ್ಲ. ಆದರೆ ಮಗಳ ಬಾಯಿಂದ ಬಂದ ಮೇಲೆ ಅದು ಮುಳ್ಳು ಮುರಿದು ಒಳಗೇ ಉಳಿದಂತೆ ಉಳಿಯಿತು. ಹೆಸರಿಲ್ಲದವಳು. ಊಟಕ್ಕೆ ಉಪ್ಪಿನಕಾಯಿ.

ಅವತ್ತು ಹಾಡಿನ ನಡುವೆ ಜಡೆಮ್ಮನ ಉಸಿರು ತೆಳುವಾಯಿತು. ಗುಲ್ಜಾರಬೀಗೆ ಅದು ಕಿವಿಯಿಂದ ಕೇಳಿ ತಿಳಿಯಬೇಕಾದ್ದಲ್ಲ, ಪಕ್ಕದ ಮೈಯಿಂದ ತನ್ನ ಮೈಗೆ ಬರುವಂಥದ್ದು. ಬಾಯಿ ತೆರೆದಿದ್ದಳು. ತೆರೆದ ಬಾಯಿಯಲ್ಲಿ ದನಿಯನ್ನು ತಡೆದು ನಿಲ್ಲಿಸಿದಳು. ಒಂದು ಉಸಿರಿನಷ್ಟು ಹೊತ್ತು, ಹೆಚ್ಚಲ್ಲ. ಪಕ್ಕೀರಮ್ಮ ಯಾವಾಗಲೂ ಗುಲ್ಜಾರಬೀಯ ದನಿಯ ಬೆನ್ನಿಗೇ ಬರುವವಳು, ಅವಳೂ ಬರಲಿಲ್ಲ. ಹಿಡಿಯುವವಳಿಲ್ಲದೆ ನಿಂತರೆ ಹೇಗಿರುತ್ತದೆ ನೋಡಲಿ ಒಂದು ಸಲ. ಜಡೆಮ್ಮ ನೋಡಿದಳು. ಹಾಡನ್ನು ಬೀಳಲು ಬಿಡದೆ, ಇಲ್ಲದ ಉಸಿರಿನಲ್ಲಿ, ಕುತ್ತಿಗೆಯ ನರ ಹಗ್ಗದ ಹಾಗೆ ಎದ್ದು, ಒಬ್ಬಳೇ ಒತ್ತಿ ಹಿಡಿದಳು. ಆಮೇಲೆ ಗುಲ್ಜಾರಬೀ ಬಂದು ಸೇರಿಕೊಂಡಳು. ಜನಕ್ಕೇನೂ ತಿಳಿಯಲಿಲ್ಲ. ಮಾರನೆಯ ದಿನ ಜಡೆಮ್ಮ ಉಗುಳಿದಾಗ ಕೆಂಪಗಿತ್ತು. "ಎಲಿ ಹಾಕ್ಕೊಂಡಿದ್ದೆ, ಅದರದ್ದ ಇರಬೇಕು," ಎಂದಳು. ಅವಳು ಅವತ್ತು ಎಲೆ ಹಾಕಿಕೊಂಡಿರಲಿಲ್ಲ ಎಂಬುದು ಗುಲ್ಜಾರಬೀಗೆ ಗೊತ್ತಿತ್ತು. ಬಸ್ಸಿನಲ್ಲಿ ಈಗ ಜಡೆಮ್ಮ ತೂಕಡಿಸುತ್ತ ತಲೆಯನ್ನು ಅವಳ ಹೆಗಲಿಗೆ ಆನಿಸಿದ್ದಳು. ಆ ತಲೆಯ ಭಾರಕ್ಕೆ ಗುಲ್ಜಾರಬೀಯ ಹೆಗಲು ಜೋಮು ಹಿಡಿಯಿತು. ಅವಳು ಅಲುಗಾಡಲಿಲ್ಲ.

ಡಾಕ್ಟರ ಆಸ್ಪತ್ರೆ ಬ್ರೂಸ್‌ಪೇಟೆಯ ಗಲ್ಲಿಯೊಂದರಲ್ಲಿತ್ತು, ಕೆಳಗೆ ಸ್ಟೀಲ್ ಪಾತ್ರೆಯ ಅಂಗಡಿ, ಮೇಲೆ ಗಂಟಲು ಮೂಗು ಕಿವಿ. ಜಡೆಮ್ಮನನ್ನು ಒಬ್ಬಳನ್ನೇ ಒಳಗೆ ಕರೆದುಕೊಂಡರು. ಬಾಗಿಲು ಮುಚ್ಚಿತು. ಗುಲ್ಜಾರಬೀ ಬೆಂಚಿನ ಮೇಲೆ ಕುಳಿತು ಕೆಳಗಿನ ಅಂಗಡಿಯಲ್ಲಿ ಕೊಡಗಳನ್ನು ಜೋಡಿಸುವ ಸದ್ದು ಕೇಳಿದಳು. ಬಹಳ ಹೊತ್ತಾಯಿತು. ಕೊನೆಗೆ ನರ್ಸು ಜಡೆಮ್ಮನನ್ನು ಹೊರಗೆ ಕರೆತಂದು, ರಕ್ತ ಕೊಡಲು ಎದುರಿನ ಲ್ಯಾಬಿಗೆ ಕಳಿಸಿ, "ಜಡೆಮ್ಮನ ಕಡೆಯವರು ಯಾರು?" ಎಂದು ಕೂಗಿದಳು. ಗುಲ್ಜಾರಬೀ ಎದ್ದು ನಿಂತಳು. "ಏನಾಗಬೇಕು ನೀವು?" "ತಂಗಿ." "ಹೆಸರು?" ಹೆಸರು ಕೇಳಿ ನರ್ಸಿನ ಹುಬ್ಬು ಸ್ವಲ್ಪ ಮೇಲೇರಿತು, ಚೀಟಿಯಲ್ಲಿ ಸಂಬಂಧ ಎಂಬಲ್ಲಿ 'ಇತರೆ' ಎಂದು ಬರೆದಳು. ಗುಲ್ಜಾರಬೀ ಅದನ್ನು ತಲೆಕೆಳಗಾಗಿಯೇ ಓದಿದಳು. ಏಳನೇ ಇಯತ್ತೆಯವರೆಗೆ ಓದಿದ್ದು ಇಂಥದ್ದಕ್ಕೆಲ್ಲ ಉಪಯೋಗಕ್ಕೆ ಬರುತ್ತಿತ್ತು.

ಡಾಕ್ಟರು ವಯಸ್ಸಾದವರು, ತೆಲುಗಿನ ಎಳೆತ ಇದ್ದ ಕನ್ನಡ. ಟಿ.ವಿ.ಯ ಮೇಲೆ ಒಂದು ಚಿತ್ರ ತೋರಿಸಿದರು. ಗುಲಾಬಿ ಬಣ್ಣದ ಒದ್ದೆ ಗುಹೆ, ಅದರೊಳಗೆ ಎರಡು ಬಿಳಿ ಎಳೆ, ಒಂದರ ಮೇಲೆ ನೇರಳೆ ಹಣ್ಣಿನ ಬಣ್ಣದ ಗುಳ್ಳೆ. ಇದೇ ಅಲ್ಲವೇ, ಎಂದುಕೊಂಡಳು ಗುಲ್ಜಾರಬೀ. ಇಪ್ಪತ್ತೆರಡು ವರ್ಷ ತಾನು ಬೆನ್ನು ಹತ್ತಿದ್ದು ಇದನ್ನೇ, ಈ ಎರಡು ಎಳೆಗಳನ್ನು.

"ನೋಡಮ್ಮ, ಇದರಾಗ ರಕ್ತ ತುಂಬೈತಿ. ಮೂರು ತಿಂಗಳು ಹಾಡಬಾರದು. ಮಾತೂ ಕಮ್ಮಿ. ಪಿಸುಮಾತು ಸುದ್ದ ಬ್ಯಾಡ, ಅದು ಇನ್ನೂ ಕೆಟ್ಟದ್ದು. ಸುಮ್ಮನ ಇದ್ರ ಇಳೀತೈತಿ. ಇದರ ಮ್ಯಾಲ ಜೋರಾಗಿ ಹಾಡಿದ್ರ ಒಡೀತೈತಿ. ಒಡದ್ರ ಆ ದನಿ ತಿರುಗಿ ಬರ್ತೈತಂತ ನಾನು ಹೇಳಂಗಿಲ್ಲ."

"ಇವತ್ತ ಸಂಜಿಕ ಒಂದು ಹಾಡು ಐತ್ರಿ," ಎಂದಳು ಗುಲ್ಜಾರಬೀ.

"ಒಂದು ಸಾಲು ಸುದ್ದ ಬ್ಯಾಡ. ಮನಿಯವರು ನೀವು ಗಟ್ಟಿಯಾಗಿ ಹೇಳಬೇಕು." ಆಮೇಲೆ ಕನ್ನಡಕ ತೆಗೆದು ಕೇಳಿದರು: "ಇದು ದಿನಾ ಹಾಡೋದರಿಂದ ಆಗಿದ್ದಲ್ಲ. ಒಮ್ಮೆಲೇ ಭಾಳ ಒತ್ತಿ ಹಾಡಿದಾಗ ನರ ಒಡದು ಆಗೋದು. ಎಲ್ಯಾರ ಹಂಗ ಆಗಿತ್ತೇನು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ. ಗುಲ್ಜಾರಬೀ ಸೆರಗು ಸರಿ ಮಾಡಿಕೊಂಡಳು. "ನನಗೇನು ಗೊತ್ತಿಲ್ರಿ," ಎಂದಳು. ಡಾಕ್ಟರು ಗುಳಿಗೆ ಬರೆದುಕೊಟ್ಟರು.

ಜಡೆಮ್ಮ ಮೊಣಕೈಯಲ್ಲಿ ಹತ್ತಿ ಒತ್ತಿಕೊಂಡು ಮೆಟ್ಟಿಲಿನ ಕೆಳಗೆ ನಿಂತಿದ್ದಳು. ಮೆಟ್ಟಿಲು ಹದಿನೇಳು. ಇಳಿಯುವಾಗ ಒಂದೊಂದು ಮೆಟ್ಟಿಲಿಗೂ ಒಂದೊಂದು ಬುದ್ಧಿ. ಈಗಲೇ ಹೇಳಬೇಕು. ಹೇಳಿದರೆ ಏನಾಗುತ್ತದೆ? ಜಡೆಮ್ಮ ಹಾಡುವುದಿಲ್ಲ, ನಾನೇ ಎತ್ತಬೇಕಾಗುತ್ತದೆ. ನಾನು ಎತ್ತಿದರೆ ಪಕ್ಕೀರಮ್ಮ ಸುಮ್ಮನಿರುತ್ತಾಳೆಯೆ? "ನಿನ್ನ ಕಣ್ಣು ಮೊದಲಿಂದನೂ ಅಲ್ಲೇ ಐತಿ ಬಿಡಬೇ," ಎಂದು ಹೋದ ತಿಂಗಳೇ ನಗೆಯಾಡಿದ್ದಳು. ಇನ್ನು ಉಮಾಪತಿ ಮೇಷ್ಟ್ರು. ರಂಜಾನಿನ ಹೊತ್ತಿಗೆ ಫೋನು ಮಾಡಿ, "ಗುಲ್ಜಾರಮ್ಮ, ಜಡೆಮ್ಮನ ದನಿ ಮೊದಲಿನಂಗಿಲ್ಲ. ನೀವು ತಯಾರಿರ್ರಿ. ಮುಂದ ಬ್ಯಾನರಿನ್ಯಾಗ ನಿಮ್ಮ ಹೆಸರೇ ಬರ್ತೈತಿ," ಎಂದಿದ್ದರು. ಆ ಫೋನಿನ ವಿಷಯ ಅವಳು ಜಡೆಮ್ಮನಿಗೆ ಹೇಳಿರಲಿಲ್ಲ. ಇವತ್ತು ಡಾಕ್ಟರ ಮಾತು ಹೇಳಿದರೆ, ನಾಳೆ ಫೋನಿನ ಮಾತು ಹೊರಬಿದ್ದರೆ, ಎರಡನ್ನೂ ಕೂಡಿಸಿ ನೋಡದಷ್ಟು ದಡ್ಡಿಯಲ್ಲ ಜಡೆಮ್ಮ. ತಾನು ಕಸಿದುಕೊಂಡಳು ಎಂದಾಗುತ್ತದೆ. ಆದ್ದರಿಂದ ಸುಮ್ಮನಿರುವುದೇ ಮರ್ಯಾದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇಷ್ಟು ಬುದ್ಧಿ ಹೇಳಿಕೊಂಡು ಅವಳು ಕೆಳಗಿನ ಮೆಟ್ಟಿಲಿಗೆ ಬಂದಳು. ಆ ಬುದ್ಧಿಯ ಕೆಳಗೆ ಇನ್ನೊಂದು ಇತ್ತು, ಕೆಸರಿನ ಕೆಳಗಿನ ಜಾರುಕಲ್ಲಿನಂತೆ ಕಾಲಿಗೆ ಸಿಗುತ್ತಿತ್ತು, ಕಣ್ಣಿಗೆ ಕಾಣುತ್ತಿರಲಿಲ್ಲ. ಜಡೆಮ್ಮನ ದನಿ ತಾನಾಗಿಯೇ ಬಿದ್ದರೆ, ಜನರ ಮುಂದೆ ಬಿದ್ದರೆ, ತನ್ನ ಕೈಗೆ ಏನೂ ಅಂಟುವುದಿಲ್ಲ.

"ಏನಂದ್ರಬೇ ಡಾಕ್ಟ್ರು?" ಎಂದು ಕೇಳಿದಳು ಜಡೆಮ್ಮ.

"ಏನಿಲ್ಲಕ್ಕ. ನಂಜಂತ. ಗುಳಿಗಿ ಬರದುಕೊಟ್ಟಾರ."

ಜಡೆಮ್ಮ ಅವಳನ್ನೇ ನೋಡಿದಳು. ಜಡೆಮ್ಮನ ಕಣ್ಣು ಬಿಸಿಲಿಗೆ ಕಿರಿದಾಗಿತ್ತು, ಗಲ್ಲಿಯಲ್ಲಿ ಒಬ್ಬ ಕೈಗಾಡಿಯವನು ಇಬ್ಬರನ್ನೂ ಬೈದುಕೊಂಡು ದಾಟಿಹೋದ, ಆಗಲೂ ನೋಡುತ್ತಿದ್ದಳು. "ಹಂಗಾ," ಎಂದಳು. ಆಮೇಲೆ ತಿರುಗಿ ನಡೆದಳು.

ಹೇಳಿಯಾಯಿತಲ್ಲ, ಇನ್ನೇನು, ಎಂದು ಗುಲ್ಜಾರಬೀ ಹಿಂದೆ ನಡೆದಳು. ಸುಳ್ಳು ಬಾಯಿಂದ ಹೊರಡುವಾಗ ಎಷ್ಟು ಹಗುರವಾಗಿತ್ತು ಎಂದು ಅವಳಿಗೇ ಆಶ್ಚರ್ಯ. ಸಂಜೆಯವರೆಗೆ ಹೊತ್ತಿದೆ, ನಡುವೆ ಎಲ್ಲಾದರೂ ಸರಿಯಾದ ಜಾಗ ನೋಡಿ ಹೇಳಿದರಾಯಿತು ಎಂದು ತನಗೆ ತಾನೇ ಗಡುವು ಕೊಟ್ಟುಕೊಂಡಳು. ಒಗ್ಗರಣೆ ಮಿರ್ಚಿಯ ಅಂಗಡಿಯಲ್ಲಿ ಹೇಳಬಹುದಿತ್ತು. ಎದುರುಬದುರು ಕುಳಿತಿದ್ದರು, ನಡುವೆ ಬಿಸಿ ಮಂಡಕ್ಕಿಯ ತಟ್ಟೆ. ಮಿರ್ಚಿ ಎಂದರೆ ಜೀವ ಬಿಡುವ ಜಡೆಮ್ಮ ಅದನ್ನು ಬೆರಳಿನಿಂದ ಆಚೆ ತಳ್ಳಿ, ಕೈಸನ್ನೆ ಮಾಡಿ ಬಿಸಿನೀರು ತರಿಸಿಕೊಂಡಳು. ಮಾತಿನ ಮಲ್ಲಿ ಆಕೆ. ಬಸ್ಸಿನ ಕಂಡಕ್ಟರಿನಿಂದ ತಹಶೀಲ್ದಾರರವರೆಗೆ ಯಾರನ್ನೂ ಬಿಟ್ಟವಳಲ್ಲ. ಆ ಹೆಂಗಸು ಈಗ ಒಂದು ಮಾತೂ ಇಲ್ಲದೆ ನೀರು ಕುಡಿಯುತ್ತ ಕೂತಿದ್ದಳು. ಬಿಲ್ಲು ಕೇಳಿದವನಿಗೂ ತಿಂದದ್ದೆಷ್ಟು ಎಂದು ಬೆರಳೆತ್ತಿ ತೋರಿಸಿದಳು. ನೋವು ಇರಬೇಕು, ಎಂದುಕೊಂಡಳು ಗುಲ್ಜಾರಬೀ. ನೋವಿದ್ದರೆ ತಾನಾಗಿಯೇ ಇವತ್ತು ಹಾಡುವುದಿಲ್ಲ ಎನ್ನಬಹುದು. ಅನ್ನಲಿ ದೇವರೇ. ಆಗ ತಾನು ಹೇಳುವ ಅಗತ್ಯವೇ ಇರುವುದಿಲ್ಲ. ಅವಳು ಎರಡು ಮಿರ್ಚಿ ತಿಂದಳು, ಖಾರ ಹತ್ತಲಿಲ್ಲ.

ಬಳೆ ಅಂಗಡಿಯ ಮುಂದೆ ಜಡೆಮ್ಮ ನಿಂತಳು. ಹಸಿರು ಗಾಜಿನ ಬಳೆಗಳ ಕಡೆ ಕೈ ತೋರಿಸಿ, ಗುಲ್ಜಾರಬೀಯ ರಟ್ಟೆ ಹಿಡಿದು ಬಳೆಗಾರನ ಮುಂದಕ್ಕೆ ಚಾಚಿದಳು. "ನನಗ ಯಾಕಕ್ಕ?" ಎಂದರೆ ತನ್ನ ಸೀರೆಯನ್ನು, ಅವಳ ಸೀರೆಯನ್ನು ಮುಟ್ಟಿ ತೋರಿಸಿದಳು, ಅಂದರೆ ಸೀರೆಗೆ ಹೊಂದುತ್ತದೆ ಎಂದು. ಬಳೆಗಾರ ಮುದುಕ, ಅವಳ ಮುಷ್ಟಿಯನ್ನು ಹಿಚುಕುತ್ತ, "ಕೈ ಸಡಿಲ ಬಿಡ್ರಿ ಯವ್ವ, ಇಷ್ಟು ಬಿಗಿ ಹಿಡದ್ರ ಹೆಂಗ ಏರಿಸೋದು," ಎಂದ. ಸಡಿಲ ಬಿಡಲು ಆಗಲಿಲ್ಲ. ಈ ಕೈಯನ್ನು ಜಡೆಮ್ಮ ಎಷ್ಟು ಸಲ ಹಿಡಿದಿದ್ದಾಳೆ. ಮುಸ್ಕಾನ್ ಹುಟ್ಟುವಾಗ ಹೆರಿಗೆಯ ರಾತ್ರಿಯೆಲ್ಲ ಹಿಡಿದಿದ್ದಳು. ಗಂಡ ಲಾಲಸಾಬ್ ಹೆಂಗಸು ವೇದಿಕೆ ಹತ್ತುವುದೇ ಎಂದು ಕೂಗಾಡಿದಾಗ ಅಂಗಳದಲ್ಲಿ ನಿಂತು, "ನಿನ್ನ ಹೆಂಡ್ತಿ ಇಲ್ದ ನನಗ ಬಾಯಿಲ್ಲೋ ಸಾಬಾ," ಎಂದು ಅವನನ್ನು ಸುಮ್ಮನಾಗಿಸಿದ್ದಳು. ಹೇಳಿಬಿಡಬೇಕು. ಅಕ್ಕ, ಹಾಡಬ್ಯಾಡ. ಎರಡೇ ಮಾತು. ನಾಲಿಗೆಯ ತುದಿಗೆ ಬಂದವು. ಅಷ್ಟರಲ್ಲಿ ಅವಳ ಮೊಬೈಲು ಹೊಡೆದುಕೊಂಡಿತು, ಪರದೆಯ ಮೇಲೆ ಉಮಾಪತಿ ಸರ್ ಎಂದಿತ್ತು. ಜಡೆಮ್ಮನ ಫೋನಿಗೆ ಮಾಡದೆ ತನ್ನ ಫೋನಿಗೆ. ಜಡೆಮ್ಮ ಆ ಕಡೆ ಮುಖ ತಿರುಗಿಸಿದಳು, ಓದಲು ಬಾರದವಳು ಓದಿದವಳಂತೆ. ಗುಲ್ಜಾರಬೀ ಫೋನು ಕತ್ತರಿಸಿದಳು. ಕತ್ತರಿಸಿದ್ದೇ ಇನ್ನೂ ದೊಡ್ಡ ತಪ್ಪು ಎಂದು ಅನ್ನಿಸಿತು, ಮುಚ್ಚಿಡಲು ಏನೋ ಇದೆ ಎಂದು ತಾನೇ ಹೇಳಿದಂತಾಯಿತು. ಆ ಎರಡು ಮಾತು ನಾಲಿಗೆಯಿಂದ ಹಿಂದಕ್ಕೆ ಸರಿದು ಹೋದವು.

ಆರು ಗಂಟೆಗೆ ರಂಗಮಂದಿರದ ಹಿಂದಿನ ಕೋಣೆಯಲ್ಲಿ ಪಕ್ಕೀರಮ್ಮ ಆಗಲೇ ಬಂದು ಕನ್ನಡಿಯ ಮುಂದೆ ಕುಂಕುಮ ತಿದ್ದುತ್ತಿದ್ದಳು. ಕುರುಗೋಡಿನ ಮಗಳ ಮನೆಯಿಂದ ಬಂದವಳು, ಬಾಯಿ ತುಂಬ ಸುದ್ದಿ. ಮೊಮ್ಮಗನ ಹಲ್ಲು, ಅಳಿಯನ ಟ್ರ್ಯಾಕ್ಟರು. ಅವಳ ಸುದ್ದಿಯ ಮಳೆಯಲ್ಲಿ ಜಡೆಮ್ಮನ ಮೌನ ಯಾರಿಗೂ ಕಾಣಲಿಲ್ಲ. ಉಮಾಪತಿ ಮೇಷ್ಟ್ರು ಬಾಗಿಲಲ್ಲಿ ಇಣುಕಿ, ಇನ್ನು ಹತ್ತೇ ನಿಮಿಷ, ಎದುರಿನ ಸಾಲಿನಲ್ಲಿ ದೊಡ್ಡವರು ಬಂದು ಕೂತಿದ್ದಾರೆ, ನಾಟಿಯ ಹಾಡೇ ಮೊದಲು ಬರಲಿ ಎಂದು ಹೇಳಿ ಓಡಿದರು. ಪಕ್ಕೀರಮ್ಮ ನೀರಿನ ಬಾಟಲಿ ತರಲು ಹೋದಳು. ಕೋಣೆಯಲ್ಲಿ ಇಬ್ಬರೇ ಉಳಿದರು. ಗೋಡೆಯ ಆಚೆ ಜನ ಕುರ್ಚಿ ಎಳೆಯುತ್ತಿದ್ದರು. ಇದೇ ಕೊನೆಯ ಜಾಗ, ಇದಾದ ಮೇಲೆ ಜಾಗವಿಲ್ಲ. ಗುಲ್ಜಾರಬೀ ಜಡೆಮ್ಮನ ಮುಂದೆ ಹೋಗಿ ನಿಂತಳು.

"ಅಕ್ಕ. ಇವತ್ತ ಹಾಡಬ್ಯಾಡ. ಡಾಕ್ಟ್ರು ಹಾಡಬಾರದು ಅಂದಾರ. ಗಂಟಲಾಗ ಗುಳ್ಳಿ ಐತಂತ, ಹಾಡಿದ್ರ ಒಡೀತೈತಂತ. ನಾ ಬೆಳಿಗ್ಗೆ ಹೇಳಬೇಕಿತ್ತು. ಹೇಳಲಿಲ್ಲ."

ಜಡೆಮ್ಮ ಅವಳ ಕೊರಳಿನ ಸರವನ್ನು ಸರಿ ಮಾಡಿದಳು. ಮಧ್ಯಾಹ್ನದಿಂದ ಮುಚ್ಚಿದ್ದ ಬಾಯಿ ತೆರೆಯಿತು. ಆ ದನಿ ಸಣ್ಣಗೆ, ಒಣಗಿ, ಎಚ್ಚರಿಕೆಯಿಂದ ಬಂತು.

"ನನಗ ಗೊತ್ತೈತಿ. ಒಳಗ ನನಗ ತೆಲುಗಿನ್ಯಾಗ ಎಲ್ಲಾ ಹೇಳಿದ್ರು. ನನ್ನ ತವರು ಆ ಕಡಿದಲ್ಲೇನು. ಮಾತಾಡಬ್ಯಾಡ ಅಂದ್ರು, ಅದಕ ಸುಮ್ಮಿದ್ದೆ."

"ಮತ್ತ... ನನ್ನ ಯಾಕ ಕೇಳಿದಿ?"

"ನೀ ಹೇಳ್ತಿ ಅಂತ ಕೇಳಿದೆ. ಮಿರ್ಚಿ ಅಂಗಡ್ಯಾಗ ಹೇಳ್ತಿ ಅಂದ್ಕೊಂಡೆ. ಬಳಿ ಹಾಕ್ಸೂ ಮುಂದ ಹೇಳ್ತಿ ಅಂದ್ಕೊಂಡೆ. ಅಲ್ಲಿ ಹೇಳಿದ್ರೂ, ಇವತ್ತಿಂದ ನೀನ ಎತ್ತಬೇ, ನಾ ಹಿಂದ ಕುಂತು ಕೇಳ್ತೀನಿ ಅನ್ನಾಕಿದ್ದೆ. ಅದಕ ಅಲ್ಲೇನು ಬಳಿ ಹಾಕ್ಸಿದ್ದು."

"ಈಗ ಹೇಳೀನಲ್ಲಕ್ಕ. ಈಗರ ಬ್ಯಾಡ. ನಿನ್ನ ಕಾಲು ಬೀಳ್ತೀನಿ."

"ಈಗ ನೀ ಹೆದರಿ ಹೇಳೀದಿ," ಎಂದಳು ಜಡೆಮ್ಮ. "ಹೆದರಿದಾಕಿ ಕೈಯಾಗ ಹಾಡು ಹೆಂಗ ಕೊಡ್ಲಿ? ನಾನ ಎತ್ತತೀನಿ." ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಸಿಟ್ಟಿದ್ದರೆ ಗುಲ್ಜಾರಬೀ ಕಾಲು ಹಿಡಿದುಕೊಳ್ಳುತ್ತಿದ್ದಳು, ಅಳುತ್ತಿದ್ದಳು, ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದಳು. ಬೇಸಾಯದ ವಿಷಯ ಆಡುವ ಹಾಗೆ ಆಡಿದ ಆ ಮಾತಿಗೆ ಅವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಹೊರಗೆ ಮೈಕಿನಲ್ಲಿ ಹೆಣ್ಣುಮಗಳೊಬ್ಬಳು ರಾಗವಾಗಿ ಕರೆಯುತ್ತಿದ್ದಳು, ಈಗ ನಿಮ್ಮ ಮುಂದೆ ರಾರಾವಿಯ ಜಡೆಮ್ಮ ಮತ್ತು ಸಂಗಡಿಗರು. ಪಕ್ಕೀರಮ್ಮ ಬಾಟಲಿ ಹಿಡಿದು ಓಡಿಬಂದು ಇಬ್ಬರನ್ನೂ ಬೆನ್ನಿಗೆ ಕೈಹಚ್ಚಿ ತಳ್ಳಿದಳು. ಬೆಳಕಿಗೆ ಬಂದರು.

ಮೂರು ಮೈಕು ಇದ್ದವು. ಜನರ ಮುಖ ಕಾಣುತ್ತಿರಲಿಲ್ಲ, ಕತ್ತಲೆಯಲ್ಲಿ ಕೆಮ್ಮು, ಬಳೆ, ಫೋನಿನ ಬೆಳಕು. ಜಡೆಮ್ಮ ಕಣ್ಣು ಮುಚ್ಚಿ ಬಲಗೈಯನ್ನು ಕಿವಿಗೆ ಇಟ್ಟುಕೊಂಡು ಎತ್ತಿದಳು.

ಹಿಂದಕ್ಕ ಸರಕೋತ ಮುಂದಕ್ಕ ನೆಡಕೋತ
ಬಂದೇವ ಬದುವೀನ ಕಡೆತನಕ – ನನ ಗೆಳತಿ
ಕುಂದೀತ ಹೊತ್ತು ದನಿಯೆತ್ತ

ದನಿ ಎಷ್ಟು ನಿಚ್ಚಳವಾಗಿ ಬಂತೆಂದರೆ ಡಾಕ್ಟರು ಸುಳ್ಳು ಹೇಳಿರಬೇಕು ಎನ್ನಿಸಿತು. ಮಧ್ಯಾಹ್ನದಿಂದ ಮಾತಾಡದೆ ಕೂಡಿಟ್ಟ ಉಸಿರೆಲ್ಲ ಒಂದಾಗಿ ಬಂದಂತಿತ್ತು. ಗುಲ್ಜಾರಬೀ ಹಿಡಿದಳು, ಪಕ್ಕೀರಮ್ಮ ಹಿಡಿದಳು, ಮೊದಲ ಸುತ್ತು ದಾಟಿತು. ಗುಲ್ಜಾರಬೀ ಮೈಯೆಲ್ಲ ಕಿವಿಯಾಗಿ ಪಕ್ಕದ ಉಸಿರನ್ನು ಕೇಳುತ್ತಿದ್ದಳು. ತೆಳುವಾಗುವ ಮೊದಲೇ ಹಿಡಿಯುತ್ತಿದ್ದಳು, ಬೇಕಾದದ್ದಕ್ಕಿಂತ ಮೊದಲೇ, ಜಡೆಮ್ಮ ಒತ್ತಬಾರದು, ಒಂದು ಎಳೆಯಷ್ಟೂ ಒತ್ತಬಾರದು ಎಂದು. ಜಡೆಮ್ಮ ಒತ್ತಿದಳು. ಕೆಳಗಿನಿಂದ ಗುಲ್ಜಾರಬೀ ಬಂದಷ್ಟೂ ಆಕೆ ಮೇಲಕ್ಕೆ ಹೋದಳು, ಗದ್ದೆಯಲ್ಲಿ ಕೂಡ ಎಂದೂ ಹೋಗದ ಎತ್ತರಕ್ಕೆ. ಎರಡನೆಯ ಸುತ್ತಿನಲ್ಲಿ, 'ಕುಂದೀತ' ಎನ್ನುವಾಗ, ಅರಿವೆ ಹರಿದ ಆ ಸದ್ದು ಬಂತು. ಮೈಕಿಗೂ ಸಿಗದಷ್ಟು ಸಣ್ಣಗೆ. ಆಮೇಲೆ ಆ ಕಡೆಯಿಂದ ಏನೂ ಬರಲಿಲ್ಲ.

ಗುಲ್ಜಾರಬೀಯ ದನಿ ಆ ಜಾಗದಲ್ಲಿ ಆಗಲೇ ಇತ್ತು. ಹೇಗೆ ಹೋಗಿ ನಿಂತಿತೋ ಅವಳಿಗೇ ತಿಳಿಯದು. 'ಕುಂ' ಜಡೆಮ್ಮನದು, 'ದೀತ' ಅವಳದು, ನಡುವೆ ಕೂದಲು ತೂರದಷ್ಟು ಕೂಡಿಕೊಂಡಿತ್ತು. ಜಡೆಮ್ಮನ ಬಾಯಿ ಅಲುಗುತ್ತಿತ್ತು, ಕುತ್ತಿಗೆಯ ನರ ಏಳುತ್ತಿತ್ತು, ಕೈ ಕಿವಿಯ ಮೇಲೆಯೇ ಇತ್ತು. ಮುಂದಿನ ಸುತ್ತು ಯಾರು ಎತ್ತಬೇಕು? ಗುಲ್ಜಾರಬೀ ಎತ್ತಿದಳು. ಅದರ ಮುಂದಿನದನ್ನೂ ಎತ್ತಿದಳು. ಪಕ್ಕೀರಮ್ಮ ಒಮ್ಮೆ ಓರೆಗಣ್ಣಿಂದ ನೋಡಿ ಹಿಡಿದುಕೊಂಡು ಹೋದಳು. ಇಪ್ಪತ್ತೆರಡು ವರ್ಷ ಬೆನ್ನ ಹಿಂದೆ ಇದ್ದ ದನಿ ಈಗ ಎದುರಿನ ಕತ್ತಲೆಯನ್ನು ಮೊದಲು ಮುಟ್ಟುತ್ತಿತ್ತು, ಅದರ ಮುಂದೆ ಯಾರೂ ಇರಲಿಲ್ಲ, ಬಯಲು. ಅವಳಿಗೆ ಖುಷಿಯಾಯಿತು. ಸುಳ್ಳೇಕೆ ಹೇಳಬೇಕು, ಮೈಯೆಲ್ಲ ಜುಮ್ಮೆನ್ನುವಷ್ಟು ಖುಷಿಯಾಯಿತು. ಆ ಖುಷಿಗೆ ಹೇಸಿಕೊಂಡೇ ಅವಳು ಇನ್ನೂ ಚೆನ್ನಾಗಿ ಹಾಡಿದಳು. ಕಣ್ಣಿಂದ ನೀರು ಇಳಿಯಿತು, ಜನ ಅದನ್ನು ಹಾಡಿನ ನೀರು ಎಂದುಕೊಂಡರು.

ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ. ಉಮಾಪತಿ ಮೇಷ್ಟ್ರು ಪರದೆಯ ಪಕ್ಕ ಎರಡೂ ಕೈ ಎತ್ತಿ ನಿಂತಿದ್ದರು. ಮೂವರೂ ಈಚೆ ಬಂದದ್ದೇ ಅವರು ಜಡೆಮ್ಮನ ಮುಂದೆ ಬಾಗಿ, "ಏನ್ರೀ ಜಡೆಮ್ಮ ಇವತ್ತು! ನಿಮ್ಮ ದನಿ ಹೋಗಾಕತ್ತೈತಿ ಅಂತ ನಾ ಹೆದರಿದ್ದೆ. ಇಷ್ಟು ಎತ್ತರ ನೀವು ಎಂದೂ ಹಾಡಿದ್ದಿಲ್ಲ," ಎಂದರು. ಜಡೆಮ್ಮ ನಕ್ಕಳು. ಬಾಯಿ ತೆರೆದಳು. ಗಾಳಿ ಬಂತು. ಸೆರಗಿನ ತುದಿಯನ್ನು ತುಟಿಗೆ ಒತ್ತಿಕೊಂಡು ತೆಗೆದಳು, ಹಸಿರು ಸೆರಗಿನ ಮೇಲೆ ಒಂದು ಕಪ್ಪು ಚುಕ್ಕಿ ಅರಳಿತು. ಮೇಷ್ಟ್ರು ಒಂದು ಹೆಜ್ಜೆ ಮುಂದೆ ಬಂದರು.

"ಏನಾತು? ಯಾಕ ಮಾತಾಡವಲ್ರಿ?"

ಪಕ್ಕೀರಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಇವತ್ತ ಡಾಕ್ಟ್ರ ಕಡಿ ಹೋಗಿದ್ರಲ್ಲ ಇಬ್ರೂ. ಏನಂದಿದ್ರಬೇ ಡಾಕ್ಟ್ರು?"

ಜಡೆಮ್ಮನಿಗೆ ಹೇಳಲು ಆಗುವಂತಿರಲಿಲ್ಲ. ಬರೆದು ತೋರಿಸಲು ಅಕ್ಷರ ಬರುತ್ತಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ನಡೆದದ್ದನ್ನು ಬಲ್ಲ ಬಾಯಿ ಈಗ ಭೂಮಿಯ ಮೇಲೆ ಒಂದೇ ಉಳಿದಿತ್ತು, ಅದು ಏನು ಹೇಳುತ್ತದೋ ಅದೇ ನಡೆದದ್ದಾಗುತ್ತದೆ. ಎಲ್ಲರೂ ಗುಲ್ಜಾರಬೀಯ ಕಡೆ ತಿರುಗಿದರು. ಜಡೆಮ್ಮನೂ ತಿರುಗಿದಳು. ನಿಜ ಹೇಳಬೇಕೆಂದೇ ಗುಲ್ಜಾರಬೀ ಉಸಿರು ಎಳೆದುಕೊಂಡಳು.

"ಹಾಡಬ್ಯಾಡ ಅಂದಿದ್ರು ಸರ್," ಎಂದಳು. ಅವಳ ದನಿ ಇನ್ನೂ ಹಾಡಿನ ಬಿಸಿಯಲ್ಲಿ, ತುಂಬಿಕೊಂಡು, ಚೆನ್ನಾಗಿತ್ತು. "ಬೆಳಿಗ್ಗೇನ ಅಂದಿದ್ರು. ನಾ ಅಕ್ಕಗ ಆಗಿಂದಾಗ ಹೇಳಿದೆ. ಬೆಳಗಿಂದ ಕೈ ಮುಗದು ಹೇಳಾಕತ್ತೀನಿ. ಆಕಿ ನನ್ನ ಮಾತು ಕೇಳಲಿಲ್ಲ."

ಮೇಷ್ಟ್ರು ಜಡೆಮ್ಮನ ಮುಖ ನೋಡಿದರು. "ಹೌದೇನ್ರಿ?"

ಜಡೆಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಗುಲ್ಜಾರಬೀಯನ್ನು ನೋಡುತ್ತಲೇ, ಹೌದೆಂದು ತಲೆಯಾಡಿಸಿದಳು.